ಒಂದು ಶಿಲಿಂಗ್ ಮೂರು ಪೆನ್ಸ್



ಈ ಸಲದ ಬರಹವನ್ನು ಒಂದು ತಪ್ಪೊಪ್ಪಿಗೆಯೆಂದೇ ನೀವು ಓದಬೇಕು. 1978ರಿಂದ 2015ರವರೆಗೆ ತಿಪಟೂರು ಸೀಮೆಯ ಪ್ರೌಢಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನವನ್ನು ಬೋಧಿಸಿದೆ. ಪ್ರತಿ ವರ್ಷ ಗಾಂಧಿ ಜಯಂತಿಯ ಹಿಂದಿನ ದಿನ ಒಂಬತ್ತನೆಯ ತರಗತಿಗೆ ಹೋಗಿ, ಕರಿಹಲಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ‘1 ಶಿಲಿಂಗ್ 3 ಪೆನ್ಸ್’ ಎಂದು ಬರೆಯುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಜಗತ್ತಿನ ಅತಿ ದುಬಾರಿ ನಗರಗಳಲ್ಲೊಂದಾದ ಲಂಡನ್ನಿನಲ್ಲಿ ಮೋಹನದಾಸ ಗಾಂಧಿ ಎಂಬ ವಿದ್ಯಾರ್ಥಿ ದಿನವೊಂದಕ್ಕೆ ಅಷ್ಟೇ ಹಣದಲ್ಲಿ ಊಟ ಮುಗಿಸುತ್ತಿದ್ದನೆಂದು ಹೇಳಿ, ‘ಮನಸ್ಸಿದ್ದರೆ ಎಷ್ಟು ಕಡಿಮೆಯಲ್ಲೂ ಬದುಕಬಹುದು’ ಎಂದು ಪಾಠ ಮುಗಿಸುತ್ತಿದ್ದೆ. ಗಂಟೆ ಹೊಡೆಯುತ್ತಿತ್ತು, ನೀವು ಎದ್ದು ಹೋಗುತ್ತಿದ್ದಿರಿ.

2024ರ ಬೇಸಿಗೆಯಲ್ಲಿ ನನ್ನ ಕೊನೆಯ ತಂಡಗಳ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಅವಳ ತಂದೆಗೂ ನಾನೇ ಮೇಷ್ಟ್ರು. 2022ರ ಸೆಪ್ಟೆಂಬರಿನಲ್ಲಿ ತೆಂಗಿನ ತೋಟದ ಪತ್ರವನ್ನು ಬ್ಯಾಂಕಿನಲ್ಲಿಟ್ಟು ಮಗಳನ್ನು ಲಂಡನ್ನಿಗೆ ಓದಲು ಕಳುಹಿಸಿದ್ದ. ಹುಡುಗಿ ಓದು ಮುಗಿಸಿ, ಒಂದು ಕೆಲಸವನ್ನೂ ಹಿಡಿದು, ರಜೆಯಲ್ಲಿ ಊರಿಗೆ ಬಂದಿದ್ದಳು. ಕಾಫಿ ಕುಡಿಯುತ್ತ, ಅಲ್ಲಿಯ ಮೊದಲ ಚಳಿಗಾಲದಲ್ಲಿ ಸುರಂಗ ರೈಲಿನ ಮೆಟ್ಟಿಲ ಮೇಲೆ ತಲೆತಿರುಗಿ ಬಿದ್ದುದನ್ನೂ, ಸರಿಯಾಗಿ ಉಣ್ಣದೆ ಹೀಗಾಗಿದೆಯೆಂದು ವೈದ್ಯರು ಗದರಿದುದನ್ನೂ ನಗುನಗುತ್ತ ಹೇಳಿದಳು. “ಯಾಕಮ್ಮ ಹಾಗೆ ಮಾಡಿದೆ?” ಎಂದು ಕೇಳಿದೆ. “ನೀವೇ ಹೇಳಿಕೊಟ್ಟಿದ್ದಿರಲ್ಲ ಸರ್, ಒಂದು ಶಿಲಿಂಗ್ ಮೂರು ಪೆನ್ಸ್. ಅವರ ಕೈಲಿ ಆಗಿದ್ದು ನನ್ನ ಕೈಲಿ ಯಾಕೆ ಆಗಬಾರದು ಅಂತ” ಎಂದಳು. ಅವಳ ಮಾತಿನಲ್ಲಿ ಆಕ್ಷೇಪಣೆಯ ಲವಲೇಶವೂ ಇರಲಿಲ್ಲ. ಆದ್ದರಿಂದಲೇ ಅದು ನನ್ನನ್ನು ಹೆಚ್ಚು ಚುಚ್ಚಿತು.

ಅವಳು ಹೋದ ಮೇಲೆ ಹಳೆಯ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿ ಮತ್ತೆ ಓದಿದೆ. ನಾನು ಮೂವತ್ತೇಳು ವರ್ಷ ಹೇಳಿದ ಪಾಠ ಸುಳ್ಳಲ್ಲವಾದರೂ ಅರ್ಧ ಪಾಠ ಎಂಬುದು ಆಗ ತಿಳಿಯಿತು. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ಹುಡುಗಿಯ ಒಪ್ಪಿಗೆ ಪಡೆದೇ ಅವಳ ಸಂಗತಿಯನ್ನು ಹೇಳಿದ್ದೇನೆ. ಹೆಸರು ಬೇಡ.

*

1888ರ ಸೆಪ್ಟೆಂಬರ್ 4ರಂದು ಗಾಂಧಿ ಮುಂಬಯಿಯಲ್ಲಿ ಹಡಗು ಹತ್ತಿದರು. ಬ್ಯಾರಿಸ್ಟರ್ ಆಗಲು ಒಟ್ಟು ನಾಲ್ಕೈದು ಸಾವಿರ ರೂಪಾಯಿ ಸಾಕೆಂದು ಕುಟುಂಬದ ಹಿರಿಯ ಮಿತ್ರರೊಬ್ಬರು ಅಂದಾಜು ಕೊಟ್ಟಿದ್ದರು. ಅಣ್ಣ ಹಣ ಹೊಂದಿಸಿದ. ಸಮುದ್ರ ದಾಟಬಾರದೆಂದು ಅಡ್ಡಗಾಲು ಹಾಕಿದ ಮೋಢ ಬನಿಯಾ ಜಾತಿಯ ಪಂಚಾಯಿತಿಯವರು ಆತನನ್ನು ಬಹಿಷ್ಕರಿಸಿ, ಸಹಾಯ ಮಾಡಿದವರಿಗೂ ಬೀಳ್ಕೊಡಲು ಹೋದವರಿಗೂ ಒಂದು ರೂಪಾಯಿ ನಾಲ್ಕಾಣೆ ದಂಡ ವಿಧಿಸಿದರು. ಈ ದಂಡದ ಮೊತ್ತವನ್ನು ನೆನಪಿನಲ್ಲಿಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಹತ್ತೊಂಬತ್ತು ತುಂಬಲಿದ್ದ ಈ ಯುವಕ ಸೆಪ್ಟೆಂಬರ್ ಕೊನೆಯಲ್ಲಿ ಲಂಡನ್ ಸೇರಿ, ತನ್ನ ಜತೆಗಾರರೊಡನೆ ವಿಕ್ಟೋರಿಯಾ ಹೋಟೆಲಿನಲ್ಲಿ ಇಳಿದ. ಹೋಟೆಲಿನ ವೈಭವ ಕಂಡು ಬೆರಗಾದ. ಲೆಕ್ಕ ಚುಕ್ತಾ ಮಾಡುವ ಹೊತ್ತಿಗೆ ಬಿಲ್ಲು 3 ಪೌಂಡ್ ಆಗಿತ್ತು. ಅಷ್ಟು ತೆತ್ತರೂ ಆತ ಅಲ್ಲಿ ಉಪವಾಸವಿದ್ದಂತೆಯೇ ಸರಿ. ತಂದಿಟ್ಟ ಒಂದು ಪದಾರ್ಥ ರುಚಿಸದಿದ್ದರೆ ಇನ್ನೊಂದನ್ನು ತರಿಸುವುದು, ಕೊನೆಗೆ ಎರಡಕ್ಕೂ ಹಣ ತೆರುವುದು. ಹೊಟ್ಟೆಗೆ ಆಧಾರವಾದದ್ದು ಮುಂಬಯಿಯಿಂದ ಕಟ್ಟಿಕೊಂಡು ಹೋಗಿದ್ದ ತಿಂಡಿ ಮಾತ್ರ.

ಹಳೆಯ ಇಂಗ್ಲಿಷ್ ನಾಣ್ಯಗಳ ಲೆಕ್ಕ ಇಂದಿನವರಿಗೆ ಗೊತ್ತಿರಲಾರದು. 12 ಪೆನ್ಸ್ ಸೇರಿದರೆ ಒಂದು ಶಿಲಿಂಗ್, 20 ಶಿಲಿಂಗ್ ಸೇರಿದರೆ ಒಂದು ಪೌಂಡ್. ನಮ್ಮಲ್ಲಿಯೂ 1957ರ ಏಪ್ರಿಲ್ 1ರವರೆಗೆ 12 ಕಾಸಿಗೆ ಒಂದಾಣೆ, 16 ಆಣೆಗೆ ಒಂದು ರೂಪಾಯಿ ಇತ್ತಷ್ಟೆ. ಬ್ರಿಟನ್ನಿನವರು 1971ರ ಫೆಬ್ರವರಿ 15ರಂದು ದಶಮಾಂಶ ಪದ್ಧತಿಗೆ ಬಂದರು. 1888ರಲ್ಲಿ ಒಂದು ರೂಪಾಯಿಗೆ ಸುಮಾರು 1 ಶಿಲಿಂಗ್ 4 ಪೆನ್ಸ್ ದೊರೆಯುತ್ತಿತ್ತು. ಆ ಲೆಕ್ಕದಲ್ಲಿ ಹೋಟೆಲಿನ 3 ಪೌಂಡ್ ಎಂದರೆ ಸುಮಾರು 45 ರೂಪಾಯಿ.

ಮುಂದೆ ಆತ ರಿಚ್ಮಂಡ್‌ನಲ್ಲಿ ಒಬ್ಬ ಮಿತ್ರರ ಜೊತೆಗೂ, ಆಮೇಲೆ ವೆಸ್ಟ್ ಕೆನ್ಸಿಂಗ್ಟನ್ನಿನ ವಿಧವೆಯೊಬ್ಬರ ಮನೆಯಲ್ಲಿಯೂ ಉಳಿದುಕೊಂಡ. ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದವನಿಗೆ ಅಲ್ಲಿ ಸಿಕ್ಕಿದ್ದು ಬೇಯಿಸಿದ ಸೊಪ್ಪು, ರೊಟ್ಟಿ, ಜಾಮ್. ಒಳ್ಳೆಯ ಹಸಿವಿನ, ಎಳೆಯ ಪ್ರಾಯದ ಹುಡುಗ. ಎರಡು ಮೂರು ತುಂಡಿಗಿಂತ ಹೆಚ್ಚು ರೊಟ್ಟಿ ಕೇಳಲು ನಾಚಿಕೆ. ಮನೆಯೊಡತಿಯ ಹೆಣ್ಣುಮಕ್ಕಳು ಇನ್ನೊಂದು ತುಂಡು ಬಲವಂತ ಮಾಡುತ್ತಿದ್ದರಂತೆ. ಈತನ ಹಸಿವಿಗೆ ಇಡೀ ರೊಟ್ಟಿಯೇ ಬೇಕಾಗಿತ್ತೆಂಬುದು ಅವರಿಗೇನು ಗೊತ್ತು?

ದಿನವೂ ಹತ್ತು ಹನ್ನೆರಡು ಮೈಲಿ ನಡೆದು, ಅಗ್ಗದ ಅಂಗಡಿಗಳಲ್ಲಿ ಹೊಟ್ಟೆ ತುಂಬ ರೊಟ್ಟಿ ತಿಂದರೂ ತೃಪ್ತಿಯಿಲ್ಲ. ಹೀಗೆ ಅಲೆಯುತ್ತಿದ್ದಾಗ ಒಂದು ದಿನ ಫ್ಯಾರಿಂಗ್ಡನ್ ಬೀದಿಯಲ್ಲಿ ಸಸ್ಯಾಹಾರದ ಊಟದ ಮನೆಯೊಂದು ಕಣ್ಣಿಗೆ ಬಿತ್ತು. ಬಾಗಿಲಲ್ಲೇ ಮಾರಾಟಕ್ಕಿಟ್ಟಿದ್ದ ಹೆನ್ರಿ ಸಾಲ್ಟನ ಪುಸ್ತಕವನ್ನು ಒಂದು ಶಿಲಿಂಗಿಗೆ ಕೊಂಡು ಒಳಗೆ ಹೋಗಿ ಕುಳಿತ. ಇಂಗ್ಲೆಂಡಿಗೆ ಬಂದ ಮೇಲೆ ಆತ ಮನಸಾರೆ ಉಂಡ ಮೊದಲ ಊಟ ಅದು. ತರಗತಿಯಲ್ಲಿ ಈ ಪ್ರಸಂಗವನ್ನು ನಾನು ಸಸ್ಯಾಹಾರದ ಮಹಿಮೆಯೆಂದು ಹೇಳಿ ಮುಂದೆ ಹೋಗಿಬಿಡುತ್ತಿದ್ದೆ. ಮಿತವ್ಯಯದ ಕತೆಗಿಂತ ಮೊದಲು ಹೊಟ್ಟೆ ತುಂಬಿದ ಕತೆ ಬರುತ್ತದೆಂಬ ಸರಳ ಸಂಗತಿ ನನಗೆ ಹೊಳೆದಿರಲಿಲ್ಲ.

ನಂತರ ಬಂದದ್ದು ದೊಡ್ಡಮನುಷ್ಯನಾಗುವ ಹುಚ್ಚು. 19 ಶಿಲಿಂಗಿನ ಎತ್ತರದ ಟೊಪ್ಪಿಗೆ, ಬಾಂಡ್ ಬೀದಿಯಲ್ಲಿ 10 ಪೌಂಡ್ ಕೊಟ್ಟು ಹೊಲಿಸಿದ ಸಂಜೆಯ ಉಡುಪು, ಅಣ್ಣನಿಂದ ತರಿಸಿಕೊಂಡ ಚಿನ್ನದ ಗಡಿಯಾರದ ಸರಪಣಿ, ನೃತ್ಯದ ತರಗತಿಗೆ 3 ಪೌಂಡ್, ಪಿಟೀಲಿಗೆ 3 ಪೌಂಡ್, ಭಾಷಣಕಲೆಯ ಪಾಠಕ್ಕೆ ಒಂದು ಗಿನ್ನಿ, ಎಂದರೆ 21 ಶಿಲಿಂಗ್. ಈ ಹುಚ್ಚು ಸುಮಾರು ಮೂರು ತಿಂಗಳಿತ್ತು. ತಿಂಗಳ ಖರ್ಚು 15 ಪೌಂಡಿಗೆ ಮುಟ್ಟಿತು, ನಮ್ಮ ಹಣದಲ್ಲಿ ಇನ್ನೂರು ರೂಪಾಯಿಗೂ ಮೀರಿ. ಅಣ್ಣ ಅಲ್ಲಿ ಸಾಲಸೋಲ ಮಾಡಿ ಕಳುಹಿಸುತ್ತಿದ್ದ ಹಣ ಇದು.

ಆದರೆ ಆ ಹುಚ್ಚಿನ ದಿನಗಳಲ್ಲೂ ಆತ ಬಿಡದ ಅಭ್ಯಾಸವೊಂದಿತ್ತು. ಬಸ್ಸಿನ ಚಾರ್ಜು, ಅಂಚೆಚೀಟಿ, ವರ್ತಮಾನಪತ್ರಿಕೆಗೆ ಕೊಟ್ಟ ಚಿಲ್ಲರೆ, ಎಲ್ಲವನ್ನೂ ಬರೆದಿಟ್ಟು, ರಾತ್ರಿ ಮಲಗುವ ಮುನ್ನ ಕೂಡಿ ಕಳೆದು ಬಾಕಿ ತೆಗೆಯುತ್ತಿದ್ದ. ಮುಂದೆ ಲಕ್ಷಗಟ್ಟಲೆ ಸಾರ್ವಜನಿಕ ಹಣವನ್ನು ಒಂದು ಕಾಸೂ ದಾರಿತಪ್ಪದಂತೆ ನಿರ್ವಹಿಸಲು ಈ ಅಭ್ಯಾಸವೇ ಬುನಾದಿಯಾಯಿತೆಂದು ಗಾಂಧಿಯೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಖರ್ಚನ್ನು ಅರ್ಧಕ್ಕೆ ಇಳಿಸಬೇಕೆಂದು ತೀರ್ಮಾನಿಸಿದಾಗ ಆತ ಆ ಪುಸ್ತಕವನ್ನೇ ತೆರೆದು ನೋಡಿದ. ಸಂಸಾರವೊಂದರ ಜೊತೆ ಇರುವುದರಿಂದ ವಾರದ ಹಣದ ಜೊತೆಗೆ ಅವರನ್ನು ಊಟಕ್ಕೆ, ಔತಣಕ್ಕೆ ಕರೆದೊಯ್ಯುವ ದಾಕ್ಷಿಣ್ಯದ ಖರ್ಚೂ ಇತ್ತು. ಗಾಡಿಯ ಚಾರ್ಜು ಬೇರೆ. ಅವನ್ನೆಲ್ಲ ಕತ್ತರಿಸಿದ. ಓದುವ ಸ್ಥಳಕ್ಕೆ ಅರ್ಧ ಗಂಟೆಯಲ್ಲಿ ನಡೆದು ಹೋಗಬಹುದಾದ ಕಡೆ ಸ್ವತಂತ್ರವಾಗಿ ಎರಡು ಕೋಣೆ ಹಿಡಿದ. ಸ್ವಲ್ಪ ಕಾಲದ ಮೇಲೆ ಅದನ್ನೂ ಬಿಟ್ಟು ಒಂದೇ ಕೋಣೆಗೆ ಬಂದು, ಒಂದು ಒಲೆ ಕೊಂಡು, ಬೆಳಿಗ್ಗೆ ಓಟ್ಸಿನ ಗಂಜಿ ಮತ್ತು ಕೋಕೋ ಮಾಡಿಕೊಂಡ. ಮಧ್ಯಾಹ್ನ ಹೊರಗೆ ಊಟ, ರಾತ್ರಿ ರೊಟ್ಟಿ ಮತ್ತು ಕೋಕೋ. ಆಗಿನ ದಿನದ ವೆಚ್ಚವೇ ನಾನು ಹಲಗೆಯ ಮೇಲೆ ಬರೆಯುತ್ತಿದ್ದ 1 ಶಿಲಿಂಗ್ 3 ಪೆನ್ಸ್.

ಈಗ ಜಾತಿಯವರು ಹಾಕಿದ ದಂಡಕ್ಕೆ ಬನ್ನಿ. ಒಂದು ರೂಪಾಯಿ ನಾಲ್ಕಾಣೆ ಎಂದರೆ ಸುಮಾರು 20 ಪೆನ್ಸ್. ದಿನದ ಊಟ 15 ಪೆನ್ಸ್. ಆತನನ್ನು ಹಡಗಿಗೆ ಹತ್ತಿಸಲು ಬಂದ ಒಬ್ಬನಿಗೆ ಹಾಕಿದ ದಂಡದಲ್ಲಿ ಲಂಡನ್ನಿನಲ್ಲಿ ಅವರು ಒಂದು ದಿನ ಉಂಡು ಒಂದಿಷ್ಟು ಉಳಿಸಬಹುದಾಗಿತ್ತು.

1893–94ರ ಸುಮಾರಿಗೆ, ದಕ್ಷಿಣ ಆಫ್ರಿಕದಲ್ಲಿದ್ದಾಗ, ಗಾಂಧಿ ಭಾರತದ ವಿದ್ಯಾರ್ಥಿಗಳಿಗಾಗಿ ‘ಗೈಡ್ ಟು ಲಂಡನ್’ ಎಂಬ ಕೈಪಿಡಿಯೊಂದನ್ನು ಬರೆದರು. ಅವರ ಜೀವಿತಕಾಲದಲ್ಲಿ ಅದು ಅಚ್ಚಾಗಲಿಲ್ಲ. ಈಗ ಸಮಗ್ರ ಕೃತಿಗಳ ಮೊದಲ ಸಂಪುಟದಲ್ಲಿದೆ. ವಾರಕ್ಕೆ ಒಂದು ಪೌಂಡಿನಲ್ಲಿ ಲಂಡನ್ನಿನಲ್ಲಿ ಬದುಕುವುದು ಹೇಗೆಂಬುದನ್ನು ಬಟ್ಟೆ, ಕೋಣೆ, ಆಹಾರ ಎಂದು ವಿಂಗಡಿಸಿ ಅದರಲ್ಲಿ ತಿಳಿಸಿದ್ದಾರೆ. ಅದನ್ನು ಬರೆದವರು ಆ ನಗರದಲ್ಲಿ ಹಸಿದಿದ್ದವರು, ಹಸಿವಿಗೆ ದಾರಿ ಕಂಡುಕೊಂಡವರು. ಮುಂದೆ ಬರುವವರು ತಮ್ಮಂತೆ ತಬ್ಬಿಬ್ಬಾಗದಿರಲೆಂಬ ಕಾಳಜಿ ಪುಟಪುಟದಲ್ಲೂ ಕಾಣುತ್ತದೆ.

*

ಹೊಸಬನಿಗೆ ಪರನಗರದ ಬೆಲೆಯಷ್ಟೇ ಶತ್ರುವಲ್ಲ. ತನ್ನ ಊರಿನಿಂದ ಬರುವ ಹಣದ ಬೆಲೆಯೂ ಅವನನ್ನು ಕಾಡುತ್ತದೆ. 1870ರ ಸುಮಾರಿನಲ್ಲಿ ಒಂದು ರೂಪಾಯಿಗೆ ಹತ್ತಿರ ಹತ್ತಿರ 2 ಶಿಲಿಂಗ್ ಸಿಗುತ್ತಿತ್ತು. ನಮ್ಮದು ಬೆಳ್ಳಿಯ ರೂಪಾಯಿ, ಅವರದು ಚಿನ್ನದ ಪೌಂಡ್. ಜರ್ಮನಿ ಮೊದಲಾದ ದೇಶಗಳು ಬೆಳ್ಳಿಯನ್ನು ಬಿಟ್ಟು ಚಿನ್ನಕ್ಕೆ ತಿರುಗಿದವು, ಅಮೆರಿಕದ ಹೊಸ ಗಣಿಗಳಿಂದ ಬೆಳ್ಳಿ ಹೊಳೆಯಾಗಿ ಹರಿಯಿತು, ಬೆಳ್ಳಿಯ ಬೆಲೆ ಕುಸಿಯಿತು, ಅದರೊಂದಿಗೆ ರೂಪಾಯಿಯೂ ಕುಸಿಯಿತು. ಹಳೆಯ ದರದಲ್ಲಿ 30 ರೂಪಾಯಿಗೆ ತೀರಬೇಕಾಗಿದ್ದ ವಿಕ್ಟೋರಿಯಾ ಹೋಟೆಲಿನ ಬಿಲ್ಲು ಗಾಂಧಿಯ ಅಣ್ಣನಿಗೆ 45 ರೂಪಾಯಿಯಾದುದು ಹೀಗೆ. ಮಿತಿಮೀರಿದ 15 ರೂಪಾಯಿಗೆ ತಮ್ಮನ ದುಂದು ಕಾರಣವಲ್ಲ, ಜರ್ಮನಿಯ ಟಂಕಸಾಲೆ ಕಾರಣ.

ಇದನ್ನು ಶಾಸ್ತ್ರವಾಗಿ ಅಭ್ಯಾಸ ಮಾಡಿ ಗ್ರಂಥ ಬರೆದವರು ಲಂಡನ್ನಿನಲ್ಲೇ ಹಸಿದಿದ್ದ ಇನ್ನೊಬ್ಬ ಭಾರತೀಯ ವಿದ್ಯಾರ್ಥಿ, ಭೀಮರಾವ್ ಅಂಬೇಡ್ಕರ್.

ಬರೋಡಾ ಸಂಸ್ಥಾನದಿಂದ ತಿಂಗಳಿಗೆ ಹನ್ನೊಂದೂವರೆ ಪೌಂಡ್ ವಿದ್ಯಾರ್ಥಿವೇತನ ಪಡೆದು 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದ ಅವರು 1916ರಲ್ಲಿ ಲಂಡನ್ನಿಗೆ ಬಂದರು. ವಿದ್ಯಾರ್ಥಿವೇತನದ ಅವಧಿ ಮುಗಿದುದರಿಂದ 1917ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ಹಿಂದಿರುಗಬೇಕಾಯಿತು. ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ತಿಂಗಳಿಗೆ 450 ರೂಪಾಯಿ ಸಂಬಳದ ಪ್ರಾಧ್ಯಾಪಕರಾಗಿ, ಮನೆಯ ಖರ್ಚನ್ನು ಬಿಗಿಹಿಡಿದು ಕೂಡಿಟ್ಟರು. ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಮಿತ್ರ ನವಲ್ ಭಾಥೇನಾ ಅವರಿಂದ 5,000 ರೂಪಾಯಿ ಸಾಲ. ಇಷ್ಟರ ಬಲದಿಂದ 1920ರಲ್ಲಿ ಮತ್ತೆ ಲಂಡನ್ನಿಗೆ ಹೊರಟರು. ಪತ್ನಿ ರಮಾಬಾಯಿ ಮುಂಬಯಿಯ ಚಾಳಿನಲ್ಲಿ ಸಂಸಾರವನ್ನು ಎಳೆಯುತ್ತಿದ್ದರು.

ಆಗಿನ ಅವರ ದಿನಚರಿಯನ್ನು ಧನಂಜಯ ಕೀರ್ ಅವರ ಜೀವನಚರಿತ್ರೆಯಲ್ಲಿ ಓದಬಹುದು. ಬೆಳಿಗ್ಗೆ ಮನೆಯೊಡತಿ ಕೊಡುವ ಒಂದು ತುಂಡು ರೊಟ್ಟಿ, ಜಾಮ್, ಚೂರು ಮೀನು, ಒಂದು ಬಟ್ಟಲು ಚಹಾ. ಅಷ್ಟನ್ನು ಮುಗಿಸಿ ಬ್ರಿಟಿಷ್ ಮ್ಯೂಸಿಯಂನ ಗ್ರಂಥಾಲಯ ಸೇರಿದರೆ ಅದು ಮುಚ್ಚುವವರೆಗೂ ಓದು. ಗಾಡಿಗೆ ಹಣವಿಲ್ಲದೆ ನಡಿಗೆ. ರಾತ್ರಿ ಓದುತ್ತಿದ್ದಾಗ ಹಸಿವು ತಡೆಯಲಾರದಾದಾಗ, ಜೊತೆಯ ಮಿತ್ರರು ಕೊಟ್ಟ ಹಪ್ಪಳ ಸುಟ್ಟುಕೊಂಡು ಒಂದು ಲೋಟ ಹಾಲಿನೊಡನೆ ತಿನ್ನುವುದು. ಊರಿನ ಹಪ್ಪಳ ಲಂಡನ್ನಿನ ನಡುರಾತ್ರಿಯ ಊಟವಾಗಿತ್ತು.

ಗಾಂಧಿಯ ಕೋಕೋಗೂ ಅಂಬೇಡ್ಕರರ ಹಪ್ಪಳಕ್ಕೂ ಇರುವ ಅಂತರವನ್ನು ನಾನು ಎಂದೂ ತರಗತಿಯಲ್ಲಿ ಹೇಳಲಿಲ್ಲ. ಗಾಂಧಿ ತಿಂಗಳಿಗೆ 15 ಪೌಂಡ್ ತರಿಸಿಕೊಳ್ಳಬಲ್ಲವರಾಗಿದ್ದು, ಬೇಡವೆಂದು ಬಿಟ್ಟರು. ಅಂಬೇಡ್ಕರರಿಗೆ ಬಿಡುವುದಕ್ಕೆ ಏನೂ ಇರಲಿಲ್ಲ. ಮೊದಲನೆಯದು ಮಿತವ್ಯಯ, ಎರಡನೆಯದು ಕೊರತೆ. ಮಿತವ್ಯಯವನ್ನು ಗುಣವೆಂದು ಮೆಚ್ಚಬಹುದು. ಕೊರತೆಯನ್ನು ಗುಣವೆಂದು ಮೆಚ್ಚಿಕೊಂಡರೆ, ಅದನ್ನು ಅನುಭವಿಸುವವರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ರೂಪಾಯಿ ಅವರನ್ನೂ ಕಾಡಿತು. ಮೊದಲ ಮಹಾಯುದ್ಧದಲ್ಲಿ ಬೆಳ್ಳಿಯ ಬೆಲೆ ಏರಿ, 1920ರ ಆರಂಭದಲ್ಲಿ ರೂಪಾಯಿಗೆ 2 ಶಿಲಿಂಗಿಗೂ ಹೆಚ್ಚು ಸಿಗುತ್ತಿತ್ತು. 2 ಶಿಲಿಂಗಿಗೇ ಅದನ್ನು ನಿಲ್ಲಿಸುವ ಸರ್ಕಾರದ ಪ್ರಯತ್ನ ವಿಫಲವಾಗಿ 1921ರಲ್ಲಿ ಅದು 1 ಶಿಲಿಂಗ್ 4 ಪೆನ್ಸಿಗಿಂತಲೂ ಕೆಳಗಿಳಿಯಿತು. ಗಣಿತದ ಮೇಷ್ಟ್ರು ಬೇಡ, ನೀವೇ ಲೆಕ್ಕ ಹಾಕಿ. 2 ಶಿಲಿಂಗಿನ ದರದಲ್ಲಿ 5,000 ರೂಪಾಯಿಗೆ 500 ಪೌಂಡ್. 1 ಶಿಲಿಂಗ್ 4 ಪೆನ್ಸಿನ ದರದಲ್ಲಿ ಅದೇ 5,000 ರೂಪಾಯಿಗೆ 333 ಪೌಂಡ್ ಚಿಲ್ಲರೆ. ಊರಿನಲ್ಲಿ ಮಾಡಿದ ಸಾಲ ಒಂದು ಕಾಸೂ ಕಡಿಮೆಯಾಗುವುದಿಲ್ಲ, ಲಂಡನ್ನಿನ ರೊಟ್ಟಿ ಮಾತ್ರ ಮೂರನೇ ಒಂದು ಪಾಲು ಕಡಿಮೆಯಾಗುತ್ತದೆ.

ಇಂಥ ವರ್ಷಗಳಲ್ಲೇ ಅವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಬರೆದ ಪ್ರಬಂಧ ‘ದಿ ಪ್ರಾಬ್ಲಂ ಆಫ್ ದಿ ರುಪೀ’. 1923ರಲ್ಲಿ ಅದಕ್ಕೆ ಡಾಕ್ಟರೇಟ್ ದೊರೆತು, ಅದೇ ವರ್ಷ ಪುಸ್ತಕವೂ ಅಚ್ಚಾಯಿತು. ಪೌಂಡಿನೊಡನೆ ರೂಪಾಯಿಯ ದರ ಸ್ಥಿರವಾಗಿದ್ದರೆ ಸಾಲದು, ರೂಪಾಯಿ ಕೊಳ್ಳುವ ಸಾಮಾನಿನ ಪ್ರಮಾಣವೂ ಸ್ಥಿರವಾಗಿರಬೇಕೆಂಬುದು ಅವರ ವಾದದ ತಿರುಳು. 1925ರಲ್ಲಿ ಹಿಲ್ಟನ್ ಯಂಗ್ ಆಯೋಗದ ಮುಂದೆಯೂ ಅವರು ಸಾಕ್ಷ್ಯ ನುಡಿದರು. ಅವರು 1921–22ರಲ್ಲಿ ವಾಸವಾಗಿದ್ದ ಕಿಂಗ್ ಹೆನ್ರೀಸ್ ರಸ್ತೆಯ 10ನೇ ಸಂಖ್ಯೆಯ ಮನೆಯನ್ನು 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಕೊಂಡು ಸ್ಮಾರಕವನ್ನಾಗಿ ಮಾಡಿತು. ಆ ವರ್ಷದ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅದನ್ನು ಉದ್ಘಾಟಿಸಿದರು. ಅದೇ ದಿನ ಥೇಮ್ಸ್ ನದಿಯ ದಂಡೆಯಲ್ಲಿ, ಬಿಜ್ಜಳನ ಭಂಡಾರಿಯಾಗಿ ಲೆಕ್ಕ ನೋಡಿಕೊಂಡಿದ್ದ ನಮ್ಮ ಬಸವಣ್ಣನವರ ಪ್ರತಿಮೆಯ ಅನಾವರಣವೂ ನಡೆಯಿತು.

*

ಈಗ ನನ್ನ ಮನೆಯ ಕತೆ. ಬಂಧುಗಳಿಗೆ ತಿಳಿದಿರುವಂತೆ ನನ್ನ ಸೋದರಮಾವ 1965ರಲ್ಲಿ ಲಂಡನ್ನಿಗೆ ಹೋದರು. ಡಿಪ್ಲೊಮಾ ಮಾಡಿದ್ದ ಅವರು, ಬ್ರಿಟನ್ನಿನ 1962ರ ವಲಸೆ ಕಾಯಿದೆಯಂತೆ ಕೊಡುತ್ತಿದ್ದ ಉದ್ಯೋಗದ ವೋಚರ್ ಪಡೆದಿದ್ದರು. ಆಗ ವಿದೇಶಿ ವಿನಿಮಯದ ಅಭಾವ ಎಷ್ಟಿತ್ತೆಂದರೆ, ದೇಶ ಬಿಡುವವರ ಕೈಗೆ ಸರ್ಕಾರ ಕೊಡಗೊಡುತ್ತಿದ್ದುದು ಕೇವಲ 3 ಪೌಂಡ್. ಆಗಿನ ದರದಲ್ಲಿ 40 ರೂಪಾಯಿ. ಗಾಂಧಿ 1888ರಲ್ಲಿ ಹೋಟೆಲಿಗೆ ತೆತ್ತ ಬಿಲ್ಲು ಎಷ್ಟೋ, ನಮ್ಮ ಮಾವ 77 ವರ್ಷಗಳ ನಂತರ ಹೊಸ ಬದುಕಿಗೆಂದು ಕೊಂಡೊಯ್ದ ಬಂಡವಾಳ ಅಷ್ಟೇ.

ನನಗಾಗ ಹತ್ತು ವರ್ಷ. ಮಾವನ ನೀಲಿ ಏರೋಗ್ರಾಮ್ ಬಂದಾಗ ಅಜ್ಜಿಗೆ ಓದಿ ಹೇಳುವ ಕೆಲಸ ನನ್ನದು. ಅಜ್ಜಿ ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಊಟಕ್ಕೇನು ಮಾಡ್ಕತಾನಂತೆ, ನೋಡು.” ಪ್ರತಿ ಕಾಗದದಲ್ಲೂ ಮಾವ ಬರೆದಿರುತ್ತಿದ್ದರು, ‘ಊಟಕ್ಕೆ ತೊಂದರೆಯಿಲ್ಲ.’ ಅಜ್ಜಿ ಸಮಾಧಾನದ ಉಸಿರು ಬಿಟ್ಟು ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದರು.

ಸತ್ಯ ನಮಗೆ ತಿಳಿದದ್ದು 1989ರಲ್ಲಿ, ಮಾವ ಊರಿಗೆ ಬಂದು ಜಗಲಿಯ ಮೇಲೆ ಕುಳಿತಿದ್ದಾಗ. ಅಜ್ಜಿ ಆಗ ಇರಲಿಲ್ಲ. ಮೊದಲ ಸಂಬಳ ಬರುವವರೆಗೆ ಬೇಯಿಸಿದ ಆಲೂಗಡ್ಡೆ ಮತ್ತು ರೊಟ್ಟಿಯಲ್ಲೇ ಕಾಲ ತಳ್ಳಿದ್ದರಂತೆ. ಕೋಣೆಯ ಗ್ಯಾಸಿನ ಮೀಟರಿಗೆ ಶಿಲಿಂಗ್ ನಾಣ್ಯ ಹಾಕಿದರೆ ಮಾತ್ರ ಬೆಚ್ಚಗಿನ ಒಲೆ. ನಾಣ್ಯ ಮುಗಿದರೆ ಕೋಟು ತೊಟ್ಟೇ ಮಲಗುವುದು. ಕೋಣೆ ಸಿಗುವುದೂ ಸುಲಭವಿರಲಿಲ್ಲ. ಕರಿಯರಿಗೆ ಇಲ್ಲವೆಂಬ ಫಲಕಗಳು ಕಿಟಕಿಗಳಲ್ಲಿ ತೂಗುತ್ತಿದ್ದವು. ಕೊಡುವವರು ಬಿಳಿಯರಿಗಿಂತ ಹೆಚ್ಚು ಬಾಡಿಗೆ ಕೇಳುತ್ತಿದ್ದರು. ಅದಕ್ಕೆ ‘ಬಣ್ಣದ ತೆರಿಗೆ’ ಎಂಬ ಹೆಸರೇ ಇತ್ತು. ಮನೆ ಕೊಡುವುದರಲ್ಲಿ ವರ್ಣಭೇದ ಮಾಡುವುದು ಕಾನೂನುಬಾಹಿರವಾದದ್ದು 1968ರಲ್ಲಿ.

ಮೊದಲ ಸಂಬಳದ ದಿನ ಮಾವ ಮಾಡಿದ ಕೆಲಸ, ಸ್ಟ್ರಾಂಡ್ ರಸ್ತೆಯ 143ನೇ ಸಂಖ್ಯೆಯ ಕಟ್ಟಡದ ಮೆಟ್ಟಿಲು ಹತ್ತಿ ಇಂಡಿಯಾ ಕ್ಲಬ್ಬಿನಲ್ಲಿ ಮಸಾಲೆ ದೋಸೆ ತಿಂದದ್ದು. ವಿ. ಕೆ. ಕೃಷ್ಣ ಮೆನನ್ನರ ಇಂಡಿಯಾ ಲೀಗಿನವರು 1951ರಲ್ಲಿ ಕಟ್ಟಿದ ಸಂಸ್ಥೆ ಅದು. 2023ರ ಸೆಪ್ಟೆಂಬರಿನಲ್ಲಿ ಮುಚ್ಚಿತೆಂದು ಓದಿದಾಗ, ನಾನೆಂದೂ ನೋಡದ ಆ ಮೆಟ್ಟಿಲಿಗಾಗಿ ಮನಸ್ಸು ಮರುಗಿತು. “ದೋಸೆ ಚೆನ್ನಾಗಿತ್ತೇ ಮಾವ?” ಎಂದಿದ್ದೆ. “ಅಳು ಬಂತು, ರುಚಿ ನೋಡಲಿಲ್ಲ” ಎಂದಿದ್ದರು.

1966ರ ಜೂನ್ 6ರಂದು ರೂಪಾಯಿಯ ಅಪಮೌಲ್ಯವಾಗಿ ಪೌಂಡಿನ ಬೆಲೆ 13 ರೂಪಾಯಿ ಚಿಲ್ಲರೆಯಿಂದ 21 ರೂಪಾಯಿಗೆ ಏರಿತು. ಮಾವ ತಿಂಗಳಿಗೆ ಕಳುಹಿಸುತ್ತಿದ್ದ 5 ಪೌಂಡ್ ಆವರೆಗೆ ನಮ್ಮ ಮನೆಗೆ 66 ರೂಪಾಯಿಯಾಗಿ ಬರುತ್ತಿದ್ದುದು 105 ರೂಪಾಯಿಯಾಯಿತು. ನನ್ನ ಶಾಲೆಯ ಫೀಜು ಕಟ್ಟಿದ್ದು ಆ ಹೆಚ್ಚುವರಿಯಲ್ಲೇ. ಅದೇ ದಿನ, ಮಗನನ್ನು ಓದಲು ಕಳುಹಿಸಿ ಊರಿನಿಂದ ಹಣ ಕಟ್ಟುತ್ತಿದ್ದ ತಂದೆಗೆ ಅಷ್ಟೇ ಪ್ರಮಾಣದ ಪೆಟ್ಟು ಬಿದ್ದಿತ್ತು. ದುಡಿದು ಕಳುಹಿಸುವವನಿಗೆ ಲಾಭ, ಸಾಲ ಮಾಡಿ ತರಿಸಿಕೊಳ್ಳುವವನಿಗೆ ನಷ್ಟ. ಮಕ್ಕಳನ್ನು ಹೊರದೇಶಕ್ಕೆ ಕಳುಹಿಸುವವರು ತಾವು ಯಾವ ಸಾಲಿನಲ್ಲಿದ್ದೇವೆಂದು ತಿಳಿದು ಹೆಜ್ಜೆಯಿಡಬೇಕು.

*

ನನ್ನ ವಿದ್ಯಾರ್ಥಿನಿ ಎರಡನೆಯ ಸಾಲಿನವಳು. ಅವಳು ಹೋದ ಸಮಯವೂ ಕೆಟ್ಟದಾಗಿತ್ತು. 2022ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಹಣದುಬ್ಬರ ಶೇಕಡ 11.1ಕ್ಕೆ ಮುಟ್ಟಿ, 41 ವರ್ಷಗಳಲ್ಲೇ ಅತಿ ಹೆಚ್ಚೆನಿಸಿತ್ತು. ಮರುವರ್ಷದ ಮಾರ್ಚಿನಲ್ಲಿ ಆಹಾರ ಪದಾರ್ಥಗಳ ಬೆಲೆಯೇರಿಕೆ ಶೇಕಡ 19 ದಾಟಿತ್ತು. ವೀಸಾ ಪಡೆಯಲು ಲಂಡನ್ನಿನಲ್ಲಿ ಓದುವವರು ತಿಂಗಳಿಗೆ 1,334 ಪೌಂಡಿನಂತೆ ಒಂಬತ್ತು ತಿಂಗಳಿಗೆ 12,006 ಪೌಂಡನ್ನು 28 ದಿನ ಬ್ಯಾಂಕಿನ ಖಾತೆಯಲ್ಲಿ ತೋರಿಸಬೇಕಾಗಿತ್ತು. ಆ ಮೊತ್ತವನ್ನು 2025ರಲ್ಲಿ ಜನವರಿಯಲ್ಲೊಮ್ಮೆ, ನವೆಂಬರಿನಲ್ಲೊಮ್ಮೆ ಏರಿಸಿದರು. ನಮ್ಮ ಹುಡುಗಿ ತೋರಿಸಿದ ಹಣದಲ್ಲಿ ಸ್ವಲ್ಪ ಭಾಗ ಬಂಧುಗಳಿಂದ ಕೈಗಡ ತಂದದ್ದು, ವೀಸಾ ಬಂದ ಕೂಡಲೇ ಹಿಂದಿರುಗಿಸಬೇಕಾದದ್ದು. ಇನ್ನು ಉಳಿದುದರಲ್ಲಿ, ಸ್ಥಳೀಯ ಜಾಮೀನುದಾರರಿಲ್ಲವೆಂಬ ಕಾರಣಕ್ಕೆ ಮನೆಯವರು ಆರು ತಿಂಗಳ ಬಾಡಿಗೆಯನ್ನು ಮುಂಗಡವಾಗಿಯೇ ಪಡೆದರು.

ಅನಂತರ ಆರಂಭವಾದದ್ದು ಗುಣಾಕಾರ. ಆ ವರ್ಷ ಪೌಂಡು ತೊಂಬತ್ತು ನೂರು ರೂಪಾಯಿಗಳ ನಡುವೆ ತೂಗಾಡುತ್ತಿತ್ತು. ಬಸ್ಸಿಗೆ 1 ಪೌಂಡ್ 65 ಪೆನ್ಸ್ ಎಂದರೆ ನೂರೈವತ್ತು ರೂಪಾಯಿಗೂ ಮೇಲೆ. “ಅಷ್ಟಕ್ಕೆ ನಮ್ಮಪ್ಪ ಎಷ್ಟು ತೆಂಗಿನಕಾಯಿ ಸುಲಿಸಬೇಕು ಅಂತ ಲೆಕ್ಕ ಹಾಕಿ ನಡೆದು ಹೋಗ್ತಿದ್ದೆ ಸರ್” ಎಂದಳು. ನಡೆದದ್ದು ತಪ್ಪಲ್ಲ, ಗಾಂಧಿಯೂ ನಡೆದರು. ಆದರೆ ಇವಳು ಬಸ್ಸನ್ನು ಬಿಟ್ಟ ಮೇಲೆ ಹಾಲನ್ನು ಬಿಟ್ಟಳು, ಹಾಲಿನ ಮೇಲೆ ಹಣ್ಣು, ಕೊನೆಗೆ ಮಧ್ಯಾಹ್ನದ ಊಟ. ರಾತ್ರಿ ತಾಯಿ ಫೋನಿನಲ್ಲಿ “ಊಟ ಆಯ್ತಾ?” ಎಂದರೆ “ಆಯ್ತಮ್ಮ” ಎನ್ನುತ್ತಿದ್ದಳು. 1965ರ ನೀಲಿ ಕಾಗದದಲ್ಲಿದ್ದ ಅದೇ ವಾಕ್ಯ.

ಮೆಟ್ಟಿಲ ಮೇಲೆ ಬಿದ್ದ ಮೇಲೆ ಜೊತೆಯ ಹುಡುಗಿಯೊಬ್ಬಳು ಅವಳನ್ನು ಕೈಹಿಡಿದು ಕರೆದುಕೊಂಡು ಹೋದದ್ದು, ಕಾಲೇಜಿನ ಹತ್ತಿರ ಮಧ್ಯಾಹ್ನ ಹರೇ ಕೃಷ್ಣ ಪಂಥದವರು ವಿದ್ಯಾರ್ಥಿಗಳಿಗೆ ಉಚಿತವಾಗಿ ಬಡಿಸುವ ಗಾಡಿಯ ಬಳಿಗೆ. ಸಾಲಿನಲ್ಲಿ ನಿಲ್ಲಲು ನಾಚಿ ಎರಡು ಸಲ ಹಿಂದಿರುಗಿದಳಂತೆ. ಮೂರನೆಯ ಸಲ ನಿಂತಳು. ಅನ್ನ, ಬೇಳೆ, ಪಲ್ಯ. ಅದು ಅವಳ ಫ್ಯಾರಿಂಗ್ಡನ್ ಬೀದಿ. ಹೊಟ್ಟೆ ತುಂಬಿದ ಮೇಲೆ ತಲೆಯೂ ಸರಿಯಾಗಿ ಓಡಿತು. ನಾಲ್ವರು ಸೇರಿ ಅಕ್ಕಿ ಬೇಳೆಯನ್ನು ಮೂಟೆಯಲ್ಲಿ ತರಿಸಿ, ಸರದಿಯ ಮೇಲೆ ಅಡಿಗೆ ಮಾಡತೊಡಗಿದರು. ಲಂಡನ್ನಿನ ಬಸ್ಸಿನಲ್ಲಿ ಒಮ್ಮೆ ಹಣ ಕೊಟ್ಟರೆ ಒಂದು ಗಂಟೆಯೊಳಗೆ ಬೇರೆ ಬಸ್ಸುಗಳನ್ನೂ ಉಚಿತವಾಗಿ ಹತ್ತಬಹುದೆಂಬ ಸಂಗತಿಯೂ ಆಗಲೇ ತಿಳಿಯಿತಂತೆ. ವಾರಕ್ಕೆ 20 ಗಂಟೆಯ ಮಿತಿಯೊಳಗೆ ಸಣ್ಣ ಕೆಲಸವೊಂದು ಸಿಕ್ಕ ಮೇಲೆ ಪೌಂಡನ್ನು ನೂರರಿಂದ ಗುಣಿಸುವುದನ್ನು ಬಿಟ್ಟಳು.

ಹೊರಡುವ ಮುನ್ನ ತನ್ನ ಖರ್ಚಿನ ಪುಸ್ತಕವನ್ನು ನನಗೆ ತೋರಿಸಿದಳು. ಮೊದಲ ತಿಂಗಳುಗಳ ಪುಟಗಳಲ್ಲಿ ಬಾಡಿಗೆ, ಫೋನು, ಪುಸ್ತಕ ಎಲ್ಲ ಇದ್ದವು. ಊಟದ ಕಾಲಂ ಮಾತ್ರ ದಿನದಿನಕ್ಕೆ ಸಣ್ಣದಾಗುತ್ತ ಹೋಗಿತ್ತು. ಅದನ್ನು ನೋಡಿದಾಗ, ಮೂವತ್ತೇಳು ವರ್ಷ ಕರಿಹಲಗೆಯ ಮೇಲೆ ನಾನು ಬರೆದದ್ದು ಇದನ್ನೇ ಎನ್ನಿಸಿತು.

ಈಗ ಆ ತರಗತಿಗೆ ಮತ್ತೆ ಹೋಗುವ ಅವಕಾಶ ಸಿಕ್ಕರೆ ಹಲಗೆಯ ನಡುವೆ ಗೆರೆ ಎಳೆದು ಎರಡು ಪಟ್ಟಿ ಬರೆಯುತ್ತೇನೆ. ಎಡಗಡೆ, ಗಾಂಧಿ ಬಿಟ್ಟದ್ದು: ಪಿಟೀಲು, ನೃತ್ಯ, ಗಾಡಿ, ಔತಣ, ಎರಡನೆಯ ಕೋಣೆ. ಬಲಗಡೆ, ಬಿಡದೆ ಉಳಿಸಿಕೊಂಡದ್ದು: ಮೂರು ಹೊತ್ತಿನ ಆಹಾರ, ಬೆಚ್ಚಗಿನ ಕೋಣೆ, ಓದು. ಕೆಳಗೆ ಅಂಬೇಡ್ಕರರ ಹೆಸರು ಬರೆದು, ಬಲಗಡೆಯದನ್ನೂ ಬಿಡಬೇಕಾಗಿ ಬಂದವರು ಅಷ್ಟು ಓದಿದರೆಂದು ಹೇಳಿ, ಮುಂದೆ ಯಾರಿಗೂ ಹಾಗಾಗದಂತೆ ನೋಡಿಕೊಳ್ಳುವುದು ನಮ್ಮ ಹೊಣೆಯೆಂದು ಸೇರಿಸುತ್ತೇನೆ.

ನಿಮ್ಮಲ್ಲಿ ಹಲವರ ಮಕ್ಕಳು ಈಗ ಲಂಡನ್ನಿನಲ್ಲೋ, ಟೊರಾಂಟೊದಲ್ಲೋ, ಸಿಡ್ನಿಯಲ್ಲೋ ಇದ್ದಾರೆ. ನಮ್ಮಲ್ಲಿ ‘ಊಟ ಆಯ್ತಾ’ ಎಂಬುದು ಕುಶಲಪ್ರಶ್ನೆ. ಅದಕ್ಕೆ ಉತ್ತರ ಎಂದೂ ‘ಆಯ್ತು’ ಎಂದೇ ಇರುತ್ತದೆ. ಈ ರಾತ್ರಿ ಫೋನು ಮಾಡಿದಾಗ ಹಾಗೆ ಕೇಳಬೇಡಿ. “ಏನು ಉಂಡೆ?” ಎಂದು ಕೇಳಿ. ಉತ್ತರ ಬರುವುದು ಸ್ವಲ್ಪ ತಡವಾದರೆ ಮತ್ತೊಮ್ಮೆ ಕೇಳಿ.